ವಯಸ್ಸಾದ ಕೈಗೆ ಯಾವ ರಿವಾಲ್ವರ್? ಒದೆತಕ್ಕಿಂತ ಟ್ರಿಗರೇ ಭಾರ

ಕಾಸರಗೋಡು: ಗಡಿನಾಡಿನ ತೋಟದ ಮನೆಗಳಲ್ಲಿ ಕೋವಿ ಹೊಸ ಸಂಗತಿಯಲ್ಲ. ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಬಂದ ಒಂಟಿ ನಳಿಗೆಯ ಕೋವಿಯೋ, ಅಜ್ಜನ ಕಾಲದ ಕೇಪಿನ ಕೋವಿಯೋ ಎಷ್ಟೋ ಮನೆಗಳಲ್ಲಿ ಈಗಲೂ ಉಂಟು. ಕಾಡುಹಂದಿ ಹಾವಳಿ ಹೆಚ್ಚಿದ ಮೇಲೆ 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. ಅಲ್ಲಿಂದೀಚೆಗೆ ಲೈಸೆನ್ಸ್ ಇದ್ದವರ ವಿಷಯ ಪಂಚಾಯತ್ ಮಟ್ಟದಲ್ಲೂ ಚರ್ಚೆಗೆ ಬಂತು. ಕೋವಿಯ ಜೊತೆಗೆ ಆತ್ಮರಕ್ಷಣೆಗೆಂದು ರಿವಾಲ್ವರ್ ಇಟ್ಟುಕೊಂಡವರು ಕಡಿಮೆ. ಆದರೆ ಇರುವವರಲ್ಲಿ ಹಲವರಿಗೆ ಈಗ ವಯಸ್ಸಾಗಿದೆ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾರೆ, ಮನೆಯಲ್ಲಿ ಉಳಿದವರು ಹಿರಿಯರಿಬ್ಬರೇ.

ಇಂಥ ಮನೆಗಳಲ್ಲಿ ಈಚೆಗೆ ಏಳುತ್ತಿರುವ ಪ್ರಶ್ನೆ ಒಂದೇ. ಗಂಟು ನೋವಿನ ಕೈಗೆ ಹೊಂದುವ, ಹೆಚ್ಚು ಒದೆಯದ ರಿವಾಲ್ವರ್ ಯಾವುದು? ಪ್ರಶ್ನೆ ಸರಳ ಅನ್ನಿಸಿದರೂ ಉತ್ತರ ಅಷ್ಟು ಸರಳವಿಲ್ಲ. ಭಾರತದಲ್ಲಿ ಸಾಮಾನ್ಯರಿಗೆ ಸಿಗುವ ರಿವಾಲ್ವರುಗಳಲ್ಲಿ ಒದೆತ ಅಂಥಾ ದೊಡ್ಡ ಸಮಸ್ಯೆಯೇ ಅಲ್ಲ. ವಯಸ್ಸಾದ ಬೆರಳನ್ನು ಸೋಲಿಸುವುದು ಟ್ರಿಗರ್. ಅದಕ್ಕೂ ಮೊದಲು ನೋಡಬೇಕಾದ್ದು ಲೈಸೆನ್ಸಿನ ಪುಟದಲ್ಲಿ ಏನು ಬರೆದಿದೆ ಎಂಬುದನ್ನು. ತಲಪಾಡಿಯಿಂದ ಆಚೆ ಒಂದು ರಾಜ್ಯ, ಈಚೆ ಒಂದು ರಾಜ್ಯ ಎಂಬ ಸ್ಥಿತಿಯಲ್ಲಿ ಬದುಕುವವರಿಗೆ ಇದು ಎಲ್ಲಕ್ಕಿಂತ ಮುಖ್ಯ.

ಹಗುರವಾದದ್ದೇ ಹೆಚ್ಚು ಒದೆಯುತ್ತದೆ

9 ಎಂ.ಎಂ. ಪಿಸ್ತೂಲು ಇಲ್ಲಿ ನಿಷಿದ್ಧ ಬೋರ್. ಸಾಮಾನ್ಯ ಲೈಸೆನ್ಸಿನಲ್ಲಿ ಸಿಗುವುದು ಹೆಚ್ಚಾಗಿ .32 ಬೋರ್ ರಿವಾಲ್ವರ್. ಇದರಲ್ಲಿ ಹೊಡೆಯುವುದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಎಂಬ ತೋಟೆ. ಗುಂಡಿನ ತೂಕ ಆರೂವರೆ ಗ್ರಾಮಿನೊಳಗೆ, ವೇಗವೂ ಮಿತವಾದದ್ದು. ಅಮೆರಿಕದಲ್ಲಿ ಜನ ಸೊಂಟದಲ್ಲಿಟ್ಟು ತಿರುಗುವ .38 ಸ್ಪೆಷಲ್ ಅಥವಾ .357 ಮ್ಯಾಗ್ನಮ್‌ಗೆ ಹೋಲಿಸಿದರೆ ಇದರ ಒದೆತ ತೀರಾ ಕಡಿಮೆ. ಜೋಡಿ ನಳಿಗೆಯ 12 ಬೋರ್ ಕೋವಿ ಹೊಡೆದು ಹೆಗಲು ಕೆಂಪಾದವರಿಗೆ ಇದು ಮಕ್ಕಳಾಟದಂತೆ ಕಾಣಬಹುದು.

ಆದರೆ ಒಂದು ಲೆಕ್ಕ ಉಂಟು. ಅದೇ ತೋಟೆಯನ್ನು ಹಗುರ ರಿವಾಲ್ವರಿನಲ್ಲಿ ಹೊಡೆದರೆ ಒದೆತ ಹೆಚ್ಚು, ಭಾರದ್ದರಲ್ಲಿ ಹೊಡೆದರೆ ಕಡಿಮೆ. ಗುಂಡು ಮುಂದಕ್ಕೆ ಹೋಗುವ ರಭಸಕ್ಕೆ ಸಮನಾಗಿ ರಿವಾಲ್ವರ್ ಹಿಂದಕ್ಕೆ ಬರಬೇಕು. ತೂಕ ಕಡಿಮೆಯಿದ್ದಷ್ಟೂ ಅದು ಜೋರಾಗಿ ಬರುತ್ತದೆ.

2014ರ ಜನವರಿಯಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರಿಗೆಂದು ಹೊರತಂದ ‘ನಿರ್ಭೀಕ್’ ರಿವಾಲ್ವರಿನ ತೂಕ ಸುಮಾರು 500 ಗ್ರಾಂ. ಟೈಟಾನಿಯಂ ಮಿಶ್ರಲೋಹದ್ದು. ಆಗ ಅದರ ಬೆಲೆ 1.22 ಲಕ್ಷ ರೂಪಾಯಿ. ಅದೇ ಕಾರ್ಖಾನೆಯ ಹಳೆಯ ಮಾರ್ಕ್ 3 ರಿವಾಲ್ವರ್ ಸುಮಾರು 700 ಗ್ರಾಂ ತೂಗುತ್ತದೆ. ತೋಟೆ ಎರಡಕ್ಕೂ ಒಂದೇ ಜಾತಿಯದ್ದು. ತೂಕದ ಲೆಕ್ಕದಲ್ಲಿ ನೋಡಿದರೆ 500 ಗ್ರಾಮಿನದ್ದು ಕೈಗೆ ಕೊಡುವ ಒದೆತದ ಶಕ್ತಿ 700 ಗ್ರಾಮಿನದ್ದಕ್ಕಿಂತ ಶೇಕಡಾ 40ರಷ್ಟು ಹೆಚ್ಚು.

ಹಗುರವಾದದ್ದು ಚೀಲದಲ್ಲಿಟ್ಟುಕೊಂಡು ಹೋಗಲು ಸುಖ, ಹೊಡೆಯುವಾಗ ಮಾತ್ರ ಸುಖವಿಲ್ಲ. ಹೆಬ್ಬೆರಳಿನ ಬುಡದ ಗಂಟಿನಲ್ಲಿ ಸವೆತ ಇದ್ದವರಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಒದೆತ ಬಂದು ತಾಗುವುದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲಿಗೆ, ಅಲ್ಲಿಂದ ನೇರ ಆ ಗಂಟಿಗೆ. ಆದ್ದರಿಂದ ‘ವಯಸ್ಸಾಯಿತು, ಹಗುರದ್ದು ತರುವ’ ಎಂಬ ಲೆಕ್ಕಾಚಾರ ಅರ್ಧ ತಪ್ಪು. ನಡುಗುವ ಕೈಗೂ ಸ್ವಲ್ಪ ತೂಕವಿರುವುದೇ ಸ್ಥಿರ.

ಟ್ರಿಗರ್ ಎಳೆಯುವುದೇ ಕಷ್ಟ

ರಿವಾಲ್ವರನ್ನು ಎರಡು ರೀತಿಯಲ್ಲಿ ಹೊಡೆಯಬಹುದು. ಹಿಂದಿನ ಹ್ಯಾಮರನ್ನು ಹೆಬ್ಬೆರಳಿನಿಂದ ಮೊದಲೇ ಹಿಂದಕ್ಕೆ ಎಳೆದು ನಿಲ್ಲಿಸಿ, ಆಮೇಲೆ ಟ್ರಿಗರ್ ಮುಟ್ಟುವುದು ಒಂದು. ಇದಕ್ಕೆ ಸಿಂಗಲ್ ಆಕ್ಷನ್ ಅನ್ನುತ್ತಾರೆ. ಹ್ಯಾಮರ್ ಮುಟ್ಟದೆ ಟ್ರಿಗರನ್ನೇ ಪೂರ್ತಿ ಎಳೆದು ಹೊಡೆಯುವುದು ಇನ್ನೊಂದು. ಅದು ಡಬಲ್ ಆಕ್ಷನ್. ಈ ಎರಡನೇ ರೀತಿಯಲ್ಲಿ ಒಂದೇ ಬೆರಳು ಮೂರು ಕೆಲಸ ಮಾಡಬೇಕು: ಸಿಲಿಂಡರ್ ತಿರುಗಿಸಬೇಕು, ಹ್ಯಾಮರನ್ನು ಹಿಂದಕ್ಕೆ ಒಯ್ಯಬೇಕು, ಬಿಡಬೇಕು. ಸಾಮಾನ್ಯ ರಿವಾಲ್ವರುಗಳಲ್ಲಿ ಇದಕ್ಕೆ ಬೇಕಾಗುವ ಬಲ ನಾಲ್ಕೂವರೆ ಕಿಲೋದಿಂದ ಐದೂವರೆ ಕಿಲೋ. ಸಿಂಗಲ್ ಆಕ್ಷನ್‌ನಲ್ಲಾದರೆ ಒಂದೂವರೆಯಿಂದ ಎರಡೂವರೆ ಕಿಲೋ ಸಾಕು.

ಮುಕ್ಕಾಲು ಕಿಲೋ ತೂಗದ ವಸ್ತುವನ್ನು ಕೈಯಲ್ಲಿ ಅಲುಗದಂತೆ ಹಿಡಿದು, ಅದರ ಏಳು ಪಟ್ಟು ಬಲವನ್ನು ಒಂದೇ ಬೆರಳಿನಿಂದ ಹಾಕಬೇಕು. ಆರೋಗ್ಯವಂತ ಯುವಕನ ಕೈಯೂ ಇಲ್ಲಿ ಅಲುಗುತ್ತದೆ. ಬೆರಳಿನ ಗಂಟು ಊದಿಕೊಂಡವರ ಪಾಡು ಹೇಳಬೇಕಾಗಿಲ್ಲ. ಮಡಚಿದ ಬೆರಳು ಬಿಡಿಸಲಾಗದೆ ಸಿಕ್ಕಿಕೊಂಡು, ಆಮೇಲೆ ಟಕ್ಕೆಂದು ಬಿಟ್ಟುಕೊಳ್ಳುವ ಒಂದು ತೊಂದರೆ ಉಂಟು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದು ಹೆಚ್ಚು. ವೈದ್ಯರು ಅದಕ್ಕಿಟ್ಟ ಹೆಸರೇ ‘ಟ್ರಿಗರ್ ಫಿಂಗರ್’. ಆ ತೊಂದರೆ ತೋರುಬೆರಳಿಗೇ ಬಂದಿದ್ದರೆ ಯಾವ ಕಂಪೆನಿಯ ರಿವಾಲ್ವರೂ ಪ್ರಯೋಜನಕ್ಕಿಲ್ಲ. ಮೊದಲು ಬೆರಳಿಗೆ ಚಿಕಿತ್ಸೆ ಆಗಬೇಕು.

ಹಾಗಾದರೆ ಯಾವಾಗಲೂ ಹ್ಯಾಮರ್ ಎಳೆದೇ ಹೊಡೆದರಾಯಿತಲ್ಲ? ಆ ದಾರಿ ಉಂಟು, ಆದರೆ ಅದರಲ್ಲಿ ಎರಡು ಅಪಾಯ. ಹ್ಯಾಮರ್ ಎಳೆಯಲು ಬೇಕಾದದ್ದು ಹೆಬ್ಬೆರಳಿನ ಬಲ, ಗಂಟು ನೋವು ಮೊದಲು ಹಿಡಿಯುವುದೂ ಹೆಚ್ಚಾಗಿ ಹೆಬ್ಬೆರಳಿನ ಬುಡವನ್ನೇ. ಇನ್ನೊಂದು ಇದಕ್ಕಿಂತ ದೊಡ್ಡದು. ಎಳೆದು ನಿಲ್ಲಿಸಿದ ಹ್ಯಾಮರನ್ನು ಹೊಡೆಯದೆ ಮೆಲ್ಲ ಇಳಿಸಬೇಕಾಗಿ ಬಂದರೆ ಹೆಬ್ಬೆರಳು ಜಾರಿ ಗುಂಡು ಹಾರುವ ಸಾಧ್ಯತೆ ಇದೆ. ಹೊರಗೆ ಸದ್ದು ಮಾಡಿದ್ದು ಕಳ್ಳನಲ್ಲ, ಪಕ್ಕದ ಮನೆಯವರು ಎಂದು ಗೊತ್ತಾಗುವ ಹೊತ್ತಿಗೆ ಹ್ಯಾಮರ್ ಎದ್ದು ನಿಂತಿರುತ್ತದೆ. ಅದನ್ನು ಇಳಿಸಬೇಕಾದದ್ದು ಅದೇ ನೋವಿನ, ನಡುಗುವ ಕೈ.

.22ರ ಆಸೆ

ಒದೆತ ಬೇಡ ಎನ್ನುವವರಿಗೆ ಅಂಗಡಿಯಲ್ಲಿ ತೋರಿಸುವುದು .22 ಬೋರ್. ಇಷಾಪುರದ ಕಾರ್ಖಾನೆಯ ‘ನಿಡರ್’ ಈ ಬೋರಿನದ್ದು. ತೂಕ ಸುಮಾರು 250 ಗ್ರಾಂ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಬಂದ ಹೊಸತರಲ್ಲಿ ಬೆಲೆ ಸುಮಾರು 35 ಸಾವಿರ ರೂಪಾಯಿ ಇತ್ತು. ಒದೆತ ಏನೇನೂ ಇಲ್ಲ ಎನ್ನುವಷ್ಟು ಕಡಿಮೆ.

ಆದರೆ .22 ತೋಟೆಯ ರಚನೆಯೇ ಬೇರೆ. .32ರಲ್ಲಿ ಕಿಡಿ ಹುಟ್ಟಿಸುವ ಮದ್ದು ತೋಟೆಯ ಹಿಂಭಾಗದ ನಡುವೆ ಪ್ರತ್ಯೇಕ ಕೇಪಿನಲ್ಲಿರುತ್ತದೆ. .22ರಲ್ಲಿ ಅದು ಅಂಚಿನ ಮಡಿಕೆಯೊಳಗೆ ಇರುತ್ತದೆ. ಆ ಅಂಚನ್ನು ಜಜ್ಜಲು ಹ್ಯಾಮರ್ ಗಟ್ಟಿಯಾಗಿ ಬೀಳಬೇಕು, ಅಂದರೆ ಸ್ಪ್ರಿಂಗ್ ಬಿಗಿ ಇರಬೇಕು. ಹೀಗಾಗಿ .22 ರಿವಾಲ್ವರುಗಳ ಡಬಲ್ ಆಕ್ಷನ್ ಟ್ರಿಗರ್ ಹಲವು ಸಲ ದೊಡ್ಡ ಬೋರಿನದ್ದಕ್ಕಿಂತಲೂ ಗಟ್ಟಿ. ಕೈಗೆ ಒದೆತ ಉಳಿಯಿತು, ಬೆರಳಿಗೆ ಭಾರ ಬಂತು. ಅಂಚಿನ ಮದ್ದಿನ ತೋಟೆ ಠುಸ್ ಆಗುವುದೂ ಹೆಚ್ಚು. ಚಿಕ್ಕ ಹಿಡಿಯಲ್ಲಿ ಬೆರಳುಗಳು ಪೂರ್ತಿ ಮಡಚಬೇಕು, ಊದಿದ ಗಂಟಿಗೆ ಅದೂ ಕಷ್ಟವೇ.

ಸ್ಪ್ರಿಂಗ್ ಬಿಗಿಯಾಯಿತೆಂದು ಯಾರದೋ ಕೈಯಲ್ಲಿ ಸಡಿಲ ಮಾಡಿಸುವುದು, ಅರ ಹಾಕಿಸುವುದು ಸರಿಯಲ್ಲ. ಸಡಿಲವಾದರೆ ತೋಟೆ ಸಿಡಿಯದೆ ಉಳಿಯಬಹುದು. ರಿಪೇರಿ ಕೆಲಸಕ್ಕೂ ಲೈಸೆನ್ಸ್ ಇರುವ ಅಂಗಡಿಯೇ ಆಗಬೇಕು ಎಂದು ಕಾನೂನು ಹೇಳುತ್ತದೆ.

ಪಿಸ್ತೂಲು ಆಗದೇ?

ಪಿಸ್ತೂಲಿನ ಟ್ರಿಗರ್ ಸಾಮಾನ್ಯವಾಗಿ ಹಗುರ, ನಿಜ. ಆದರೆ ಮೊದಲ ತೋಟೆ ಒಳಗೆ ಹೋಗಬೇಕಾದರೆ ಮೇಲಿನ ಸ್ಲೈಡನ್ನು ಗಟ್ಟಿಯಾಗಿ ಚಿವುಟಿ ಹಿಂದಕ್ಕೆ ಎಳೆಯಬೇಕು. ಮ್ಯಾಗಜಿನಿಗೆ ತೋಟೆ ತುಂಬುವಾಗ ಹೆಬ್ಬೆರಳಿನಿಂದ ಒತ್ತಬೇಕು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಕಷ್ಟಪಡುವ ಕೈಗೆ ಈ ಎರಡೂ ಆಗುವುದಿಲ್ಲ. ಹಿಡಿತ ಸಡಿಲವಾದರೆ ಖಾಲಿ ತೋಟೆ ಹೊರಬೀಳದೆ ಸಿಕ್ಕಿಕೊಳ್ಳುವುದೂ ಉಂಟು. ರಿವಾಲ್ವರಿಗೆ ಆ ಕಾಟ ಇಲ್ಲ. ಒಂದು ತೋಟೆ ಸಿಡಿಯದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನದ್ದು ಬರುತ್ತದೆ. ವಯಸ್ಸಾದವರಿಗೆ ರಿವಾಲ್ವರೇ ಲೇಸು ಎಂಬ ಮಾತು ಬಂದದ್ದು ಇಲ್ಲಿಂದ.

ಇಲ್ಲೇ ಇನ್ನೊಂದು ಎಚ್ಚರಿಕೆ. ‘.32’ ಎಂಬ ಹೆಸರು ಪಿಸ್ತೂಲಿಗೂ ಉಂಟು, ರಿವಾಲ್ವರಿಗೂ ಉಂಟು. ತೋಟೆ ಮಾತ್ರ ಬೇರೆ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕಲೇಬಾರದು.

ತೆರೆಯುವುದು, ತುಂಬುವುದು

ಹೊಡೆಯುವುದಕ್ಕಿಂತ ಹೆಚ್ಚು ಸಲ ಮಾಡಬೇಕಾದ ಕೆಲಸ ತೆರೆದು ನೋಡುವುದು. ತೋಟೆ ಇದೆಯೋ ಇಲ್ಲವೋ ಎಂದು ಖಚಿತ ಮಾಡಿಕೊಳ್ಳದ ಮನೆಯಲ್ಲೇ ಅವಘಡ ಆಗುವುದು. ಮಾರ್ಕ್ 3 ರಿವಾಲ್ವರ್ ನಳಿಗೆಯ ಕಡೆ ಮಡಚಿಕೊಳ್ಳುವಂಥದ್ದು. ಮೇಲಿನ ಕೀಲಿಯನ್ನು ಹೆಬ್ಬೆರಳಿನಿಂದ ಒತ್ತಿ ಬಗ್ಗಿಸಿದರೆ ಖಾಲಿ ತೋಟೆಗಳೆಲ್ಲ ಒಟ್ಟಿಗೆ ಮೇಲೆ ಬರುತ್ತವೆ. ಒಂಟಿ ನಳಿಗೆಯ ಕೋವಿ ಮಡಚಿ ಅಭ್ಯಾಸವಿದ್ದವರಿಗೆ ಇದು ಹೊಸತಲ್ಲ. ಆದರೆ ಬಿಗಿಯಾದ ಕೀಲಿಯನ್ನು ಒತ್ತುವ ಬಲ ಬೇಕು.

2023ರ ಆಗಸ್ಟಿನಲ್ಲಿ ಕಾನ್ಪುರದಿಂದ ಬಂದ ‘ಪ್ರಬಲ್’ ರಿವಾಲ್ವರಿನಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ತೂಕ ತೋಟೆ ಬಿಟ್ಟು ಸುಮಾರು 700 ಗ್ರಾಂ, ನಳಿಗೆ 76 ಮಿಲಿಮೀಟರ್. ಹಳೆಯ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು 2021ರ ಅಕ್ಟೋಬರಿನಲ್ಲಿ ಏಳು ಕಂಪೆನಿಗಳಾಗಿ ಒಡೆದ ಮೇಲೆ ಇದನ್ನು ಮಾಡುತ್ತಿರುವುದು ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಎಂಬ ಸರಕಾರಿ ಕಂಪೆನಿ. ಗುಂಡು 50 ಮೀಟರ್ ತಲುಪುತ್ತದೆ ಎಂಬುದು ಅದರ ಪ್ರಚಾರ. ಜಗಲಿಯಿಂದ ಅಂಗಳದ ತುದಿಯವರೆಗಿನ ಲೆಕ್ಕಕ್ಕೆ ಈ 50 ಮೀಟರಿನಿಂದ ಏನೂ ಆಗಬೇಕಾದ್ದಿಲ್ಲ. ಗಂಟು ನೋವಿನವರಿಗೆ ಉಪಯೋಗವಾಗುವುದು ಬೇರೆ: ತೆರೆಯಲು ಒಂದು ಗುಂಡಿ, ಖಾಲಿ ತೋಟೆ ತಳ್ಳಲು ಒಂದು ಕಡ್ಡಿ. ಆ ಕಡ್ಡಿಯನ್ನು ಬೆರಳಿನಿಂದಲೇ ಒತ್ತಬೇಕೆಂದಿಲ್ಲ, ಅಂಗೈಯಿಂದಲೂ ಒತ್ತಬಹುದು.

ಹೀಗೆ ತೂಗಿ ನೋಡಿದರೆ, .32 ಬೋರ್, 700 ಗ್ರಾಂ ಆಸುಪಾಸಿನ ತೂಕ, ಮೂರು ಇಂಚಿಗೆ ಕಡಿಮೆಯಿಲ್ಲದ ನಳಿಗೆ, ಅಂಗೈ ತುಂಬುವ ರಬ್ಬರ್ ಹಿಡಿ, ಇಷ್ಟಿರುವುದು ವಯಸ್ಸಾದ ಕೈಗೆ ಒಗ್ಗುತ್ತದೆ. ಯಾವ ಹೆಸರಿನದ್ದು ಎಂಬುದು ಆಮೇಲಿನ ಮಾತು. ಒಂದೇ ಮಾದರಿಯಲ್ಲೂ ಒಂದರ ಟ್ರಿಗರ್ ನಯ, ಇನ್ನೊಂದರದ್ದು ಒರಟು ಇರುತ್ತದೆ. ಆದ್ದರಿಂದ ಕೈಯಲ್ಲಿ ಹಿಡಿಯದೆ ಆರ್ಡರ್ ಕೊಡಬಾರದು. ಅಂಗಡಿಯವರ ಅನುಮತಿ ಕೇಳಿ, ಖಾಲಿ ಮಾಡಿ ತೋರಿಸಿದ ಮೇಲೆ, ಡಬಲ್ ಆಕ್ಷನ್‌ನಲ್ಲಿ ಹತ್ತು ಸಲ ಟ್ರಿಗರ್ ಎಳೆದು ನೋಡಬೇಕು. ನಾಲ್ಕನೇ ಸಲಕ್ಕೇ ಇನ್ನೊಂದು ಕೈಯ ಬೆರಳು ಸಹಾಯಕ್ಕೆ ಬಂದರೆ ಅದು ಬೇಡ.

ಕೈ ನೋಡುವ ಹೊತ್ತೂ ಮುಖ್ಯ. ಸಂಧಿವಾತದವರ ಬೆರಳು ಬೆಳಗ್ಗೆ ಎದ್ದಾಗ ಅರ್ಧ ಗಂಟೆ, ಒಂದು ಗಂಟೆ ಬಿಗಿದುಕೊಂಡಿರುತ್ತದೆ. ಮಧ್ಯಾಹ್ನ ಪೇಟೆಗೆ ಹೋಗಿ ಅಂಗಡಿಯಲ್ಲಿ ಹಿಡಿದಾಗ ಎಲ್ಲ ಸರಿ ಅನ್ನಿಸುತ್ತದೆ. ಕಳ್ಳ ಬರುವುದು ಮಧ್ಯಾಹ್ನ ಅಲ್ಲವಲ್ಲ. ನಿದ್ದೆಯಿಂದೆದ್ದ ಕೈಗೆ ಆಗುತ್ತದೋ ಇಲ್ಲವೋ ಎಂಬುದೇ ನಿಜವಾದ ಪರೀಕ್ಷೆ.

ಗಡಿ ದಾಟಿದರೆ ಏನು?

ಪೆರ್ಲದಲ್ಲಿ ಮನೆ, ಅಡ್ಯನಡ್ಕದಾಚೆ ತೋಟ. ಮಂಜೇಶ್ವರದಲ್ಲಿ ವಾಸ, ಆಸ್ಪತ್ರೆಗೆ ಮಂಗಳೂರು. ಗಡಿನಾಡಿನ ಕುಟುಂಬಗಳಿಗೆ ರಾಜ್ಯದ ಗಡಿ ದಿನಕ್ಕೆರಡು ಸಲ ದಾಟುವ ರಸ್ತೆ, ಅಷ್ಟೇ. ಆಯುಧಕ್ಕೆ ಹಾಗಲ್ಲ. ಲೈಸೆನ್ಸಿನಲ್ಲಿ ಅದು ಎಲ್ಲಿಯವರೆಗೆ ಊರ್ಜಿತ ಎಂದು ಬರೆದಿರುತ್ತದೆ. ‘ಕೇರಳ ರಾಜ್ಯ’ ಎಂದಿದ್ದರೆ ತಲಪಾಡಿ ದಾಟಿದ ಕ್ಷಣಕ್ಕೆ ಆ ಲೈಸೆನ್ಸಿಗೆ ಬೆಲೆ ಇಲ್ಲ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮರೆತು ಉಳಿದದ್ದು ಎಂದರೂ ಅದು ಶಸ್ತ್ರಾಸ್ತ್ರ ಕಾಯ್ದೆಯ ಪ್ರಕರಣವೇ. ಆಚೆ ಒಯ್ಯಲೇಬೇಕಾದ ಅಗತ್ಯವಿದ್ದರೆ ಮೊದಲೇ ಅನುಮತಿ ಪಡೆಯಬೇಕು.

ವ್ಯಾಪ್ತಿಯೊಳಗೂ ಎಲ್ಲೆಂದರಲ್ಲಿ ಹಿಡಿದುಕೊಂಡು ಹೋಗುವಂತಿಲ್ಲ. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲೆ ಕಾಲೇಜಿನ ಆವರಣ ಇವುಗಳಿಗೆ ಆಯುಧ ಒಯ್ಯಬಾರದೆಂಬುದು ಲೈಸೆನ್ಸಿನ ಷರತ್ತು. ಕೋಲಕ್ಕೆ, ಉರೂಸಿಗೆ, ಮೊಮ್ಮಕ್ಕಳ ಶಾಲಾ ವಾರ್ಷಿಕೋತ್ಸವಕ್ಕೆ ಹೋಗುವಾಗ ಅದು ಮನೆಯಲ್ಲಿ ಬೀಗದೊಳಗೆ ಇರಬೇಕು. ಚುನಾವಣೆ ಬಂದಾಗ ಠೇವಣಿ ಇಡುವ ಆದೇಶ ಬರುವುದಂತೂ ಎರಡೂ ರಾಜ್ಯದವರಿಗೆ ಗೊತ್ತಿದ್ದದ್ದೇ.

2019ರ ಡಿಸೆಂಬರಿನಲ್ಲಿ ಆದ ತಿದ್ದುಪಡಿಯ ಪ್ರಕಾರ ಒಬ್ಬರ ಹೆಸರಿನಲ್ಲಿ ಎರಡು ಆಯುಧ ಮಾತ್ರ ಇರಬಹುದು, ಮೊದಲು ಮೂರು ಇತ್ತು. ಬೆಳೆ ರಕ್ಷಣೆಯ ಕೋವಿ ಒಂದು, ಅಪ್ಪನಿಂದ ಬಂದ ಹಳೆಯ ಕೋವಿ ಒಂದು ಇದ್ದರೆ ರಿವಾಲ್ವರಿಗೆ ಜಾಗವೇ ಇಲ್ಲ. ಅದೇ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಇದು ಹಿರಿಯರಿಗೆ ಅನುಕೂಲ ಹೌದು. ಆದರೆ 68ರಲ್ಲಿ ಮಾಡಿಸಿದ ಲೈಸೆನ್ಸ್ 73ರವರೆಗೆ ನಡೆಯುತ್ತದೆ, ಈ ನಡುವೆ ಕೈ, ಕಣ್ಣು, ನೆನಪು ಹೇಗಾಗುತ್ತವೋ ಕಾಗದಕ್ಕೆ ಗೊತ್ತಾಗುವುದಿಲ್ಲ.

70 ದಾಟಿದವರಿಗೆ ಒಂದು ದಾರಿ

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಹೆಚ್ಚಿನವರು ಗಮನಿಸದ ಒಂದು ಅವಕಾಶ ಉಂಟು. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಅಥವಾ ಅವರು ಆ ಆಯುಧ ಇಟ್ಟುಕೊಂಡು 25 ವರ್ಷವಾಗಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅದನ್ನು ದಾಟಿಸಲು ಅರ್ಜಿ ಹಾಕಬಹುದು. ತೀರಿಹೋದ ಮೇಲೆ ಮಕ್ಕಳು ಠಾಣೆಗೂ ಕಲೆಕ್ಟರ್ ಕಚೇರಿಗೂ ಅಲೆಯುವುದಕ್ಕಿಂತ ಇದು ಎಷ್ಟೋ ವಾಸಿ. ವಾರಸುದಾರರಿಗೂ ಲೈಸೆನ್ಸಿನ ಅರ್ಹತೆ ಇರಬೇಕು, ತರಬೇತಿ ಆಗಿರಬೇಕು ಎಂಬುದು ಬೇರೆ ಮಾತು.

ಇಲ್ಲೂ ಗಡಿಯ ತೊಡಕು ಬಿಡುವುದಿಲ್ಲ. ಅರ್ಜಿ ಹಾಕಬೇಕಾದದ್ದು ವಾರಸುದಾರರು ವಾಸವಿರುವ ಜಿಲ್ಲೆಯಲ್ಲಿ. ಅಪ್ಪ ಬದಿಯಡ್ಕದಲ್ಲಿದ್ದು ಮಗ ಪುತ್ತೂರಿನಲ್ಲಿದ್ದರೆ ದಕ್ಷಿಣ ಕನ್ನಡದಲ್ಲಿ ಅರ್ಜಿ, ಕಾಸರಗೋಡಿನಿಂದ ವರದಿ. ಒಂದು ಕಡೆ ಮಲಯಾಳದ ಕಾಗದ, ಇನ್ನೊಂದು ಕಡೆ ಕನ್ನಡದ ಕಾಗದ. ಅವಸರದಲ್ಲಿ ಆಗುವ ಕೆಲಸವಲ್ಲ. ಕೈ ಗಟ್ಟಿಯಿರುವಾಗಲೇ ಶುರು ಮಾಡಬೇಕು. ಯಾರಿಗೂ ಬೇಡವಾದರೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯಲ್ಲೋ ಠೇವಣಿ ಇಡುವ ದಾರಿ ಇದ್ದೇ ಇದೆ.

ಕೊನೆಗೆ ಉಳಿಯುವ ಪ್ರಶ್ನೆ

ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ದರೋಡೆ, ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು ಮನೆ ಒಡೆಯುವುದು ಇಂಥ ಸಂದರ್ಭಗಳಲ್ಲಿ ಆ ಹಕ್ಕು ವಿಶಾಲವಾಗಿದೆ. ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡಬಾರದೆಂಬ ಮಿತಿಯೂ ಜೊತೆಗೇ ಇದೆ. ತೋಟಕ್ಕೆ ನುಗ್ಗಿ ನಾಲ್ಕು ತೆಂಗಿನಕಾಯಿ ಕದ್ದವನ ಮೇಲೆ ಗುಂಡು ಹಾರಿಸಿ ‘ಆತ್ಮರಕ್ಷಣೆ’ ಎಂದರೆ ಕೋರ್ಟು ಒಪ್ಪುವುದಿಲ್ಲ.

ಮನೆಯವರು ಬಾಯಿಬಿಟ್ಟು ಹೇಳದ ಇನ್ನೊಂದು ವಿಷಯ ಉಂಟು. ದಿನವಿಡೀ ನೋವು, ಒಂಟಿತನ, ಮರೆವು ಇವು ಮೂರೂ ಸೇರಿದ ಮನೆಯಲ್ಲಿ ತುಂಬಿದ ರಿವಾಲ್ವರ್ ಇದ್ದರೆ ಅಪಾಯ ಹೊರಗಿನಿಂದಲೇ ಬರಬೇಕೆಂದಿಲ್ಲ. ಅಪ್ಪನ ಮನಸ್ಸು ಕುಗ್ಗಿದೆ ಅನ್ನಿಸಿದರೆ, ಅಮ್ಮನಿಗೆ ಒಲೆ ಆರಿಸಲು ಮರೆತುಹೋಗುತ್ತಿದ್ದರೆ, ಆ ಆಯುಧ ಎಷ್ಟು ಒದೆಯುತ್ತದೆ ಎಂಬ ಚರ್ಚೆಗೆ ಅರ್ಥವಿಲ್ಲ. ವೈದ್ಯರನ್ನು ಕಾಣಬೇಕು, ಆಯುಧ ಠೇವಣಿಗೆ ಹೋಗಬೇಕು. ‘ಅಪ್ಪಾ, ಸ್ವಲ್ಪ ದಿನ ಅದನ್ನು ಠಾಣೆಯಲ್ಲಿ ಇಡುವ’ ಎಂದು ಹೇಳಲು ಮಕ್ಕಳು ಹಿಂಜರಿಯಬಾರದು, ಕೇಳಿಸಿಕೊಳ್ಳಲು ಹಿರಿಯರೂ ಬೇಸರಪಡಬಾರದು.

ಲೈಸೆನ್ಸ್ ನವೀಕರಣಕ್ಕೆ ಬಂದಿರುವವರು ಅರ್ಜಿ ತುಂಬುವ ಮೊದಲು ಮೂರು ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಬೆಳಗ್ಗೆ ಎದ್ದ ಕೂಡಲೇ, ಖಾಲಿ ಮಾಡಿ ಎರಡೆರಡು ಸಲ ನೋಡಿದ ರಿವಾಲ್ವರಿನ ಟ್ರಿಗರನ್ನು ಒಂದೇ ಬೆರಳಿನಿಂದ ಆರು ಸಲ ಎಳೆಯಲು ಆಗುತ್ತದೆಯೇ? ಯಾರ ಸಹಾಯವಿಲ್ಲದೆ ತೆರೆದು ಮುಚ್ಚಲು ಆಗುತ್ತದೆಯೇ? ಕತ್ತಲಲ್ಲಿ ಬಾಗಿಲಿಗೆ ಬಂದವರು ಯಾರೆಂದು ಕನ್ನಡಕ ಹುಡುಕದೆ ಗುರುತಿಸಲು ಆಗುತ್ತದೆಯೇ? ಮೂರಕ್ಕೂ ಹೌದು ಎಂಬ ಉತ್ತರವಿದ್ದರೆ ಯಾವ ರಿವಾಲ್ವರ್ ಎಂದು ಯೋಚಿಸಬಹುದು. ಒಂದಕ್ಕೆ ಇಲ್ಲ ಎಂದಾದರೂ ಆ ಒಂದು ಲಕ್ಷ ರೂಪಾಯಿಯಲ್ಲಿ ಅಂಗಳಕ್ಕೆ ಬೆಳಕು, ಬಾಗಿಲಿಗೆ ಗಟ್ಟಿ ಅಗುಳಿ, ಜಗಲಿಗೆ ಕ್ಯಾಮರಾ, ಮನೆಗೊಂದು ಒಳ್ಳೆಯ ನಾಯಿ ಇಷ್ಟೂ ಬಂದು ಹಣ ಉಳಿಯುತ್ತದೆ. ಇವಕ್ಕೆ ಲೈಸೆನ್ಸ್ ಬೇಡ, ತಲಪಾಡಿ ದಾಟಿದರೂ ಯಾರೂ ಕೇಳುವುದಿಲ್ಲ.